ರಬ್ಬರ್ ಕೈಗೆ ಹನ್ನೆರಡು ತುಂಬಿತು

ಯಲ್ದೂರು
೧೪ ಸೆಪ್ಟೆಂಬರ್ ೨೦೨೫

ಪ್ರಿನ್ಸಿಪಾಲ್ ಪೀಠದಲ್ಲಿ ವಿರಾಜಮಾನಳಾಗಿರುವ ಶ್ಯಾಮಲೂಗೆ,

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ: ನಿನ್ನ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಪವಡಿಸಿರುವ, ಮಕ್ಕಳು ಸೂಜಿ ಚುಚ್ಚಿ ಕಲಿಯಲೆಂದು ನಾನೇ ತಂದಿಟ್ಟ ರಬ್ಬರ್ ಕೈಗೆ ಇಂದಿಗೆ ಹನ್ನೆರಡು ವರ್ಷ ತುಂಬಿತು. ಕೇಕು ಕತ್ತರಿಸಬೇಡ. ನಿನ್ನ ಕೈಗೆ ಚಾಕು ಕೊಡಲು ನನಗೆ ಧೈರ್ಯವಿಲ್ಲ.

ಮೂರು ತಿಂಗಳಿಂದ ಉತ್ತರ ಬರೆದಿಲ್ಲ, ಕ್ಷಮಿಸು. ಬೆಳಗ್ಗೆ ಎದ್ದು ನಿನ್ನನ್ನು ಬೈಯಲು ಕೂತರೆ ಮಧ್ಯಾಹ್ನದ ಮುದ್ದೆಗೇ ಬಿಡುವು.

"ಕೋಪ ಇಳೀತೇನೇ?" ಅಂತ ಕೇಳಿದ್ದೀಯ. ಇಳಿದಿಲ್ಲ ಕಣೇ. ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನಿಂತು ಪಾಠ ಮಾಡಿದ ಪ್ರೊಫೆಸರ್ ನಾನು. ಜೂನ್‌ನಲ್ಲಿ ಮಕ್ಕಳ ಮೂವತ್ತೆಂಟು ಲಾಗ್‌ಬುಕ್ ತಂದು ಸೈನಿಗೆ ಅಂತ ನನ್ನ ಮುಂದೆ ಸುರಿದೆಯಲ್ಲ, ಒಂದೊಂದರಲ್ಲೂ "ಮೂವತ್ತು ರೋಗಿಗಳಿಗೆ ಡ್ರಿಪ್ ಹಾಕಿದ್ದೇನೆ" ಅಂತ ಮುದ್ದಾದ ಅಕ್ಷರ! ಅವರೆಲ್ಲರನ್ನೂ ನಾನು ರಬ್ಬರ್ ಕೈ ಮುಂದೆ ನಿಲ್ಲಿಸಿದೆ. ನರ ಸಿಕ್ಕಿದ್ದು ಹನ್ನೊಂದು ಜನಕ್ಕೆ. ಒಬ್ಬ ಮಹಾನುಭಾವ ಮೇಜಿಗೇ ಚುಚ್ಚಿದ.

"ಸೈನ್ ಹಾಕ್ಬಿಡೇ ಸುನಂದಾ, ಪರೀಕ್ಷೆಗೆ ಕೂರ್ಲಿ ಪಾಪ. ಕೆಲಸಕ್ಕೆ ಸೇರಿದ್ಮೇಲೆ ತಾನೇ ಕಲೀತಾರೆ" ಅಂದೆ ನೀನು.

"ಯಾರ ಕೈ ಮೇಲೆ ಕಲೀತಾರೆ? ನಿನ್ನ ಕೈ ಕೊಡ್ತೀಯಾ?" ಅಂದೆ ನಾನು.

"ನಿಂಗೆ ಜಂಬ ಕಣೇ. ಕಾಲೇಜು ನಿನ್ನೊಬ್ಬಳ ಮೇಲೆ ನಿಂತಿಲ್ಲ" ಅಂದೆ.

ನಿಜ, ನಿಂತಿಲ್ಲ. ಅನಿಲ್‌ಕುಮಾರ್ ಮೇಷ್ಟ್ರು ಒಂದು ಲೋಟ ಟೀ ಆರುವುದರೊಳಗೆ ಮೂವತ್ತೆಂಟಕ್ಕೂ ಸೈನ್ ಹಾಕಿದರಂತೆ. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಹಿಡಿಸಿ, "ಸ್ವಇಚ್ಛೆಯಿಂದ ನಿವೃತ್ತಿ" ಅಂತ ಮೈಕಿನಲ್ಲಿ ಹೇಳಿದೆ ನೀನು. ಸೇಬಿನಲ್ಲಿ ಹುಳ ಇತ್ತು. ಬುಟ್ಟಿಯ ಆಯ್ಕೆಯಲ್ಲೂ ನಿನ್ನ ಆಡಳಿತ ಕೌಶಲ್ಯ ಎದ್ದು ಕಾಣುತ್ತಿತ್ತು.

ಒಂದು ಮರೆತೆ ನೀನು. ನಾವು ಓದುವಾಗ ಹಾಸ್ಟೆಲಿನಲ್ಲಿ ನರ ಸಿಗದೆ ನೀನು ಅಳುತ್ತಿದ್ದಾಗ ತೋಳು ಮಡಚಿ ಕೂತವಳು ನಾನು. ನನ್ನ ಎಡಗೈ ಮೇಲೆ ಕಲಿತವಳು ನೀನು. ಕಲೆ ಇನ್ನೂ ಇದೆ. ಬೇಕಾದರೆ ಬಂದು ಲೆಕ್ಕ ಹಾಕು.

ನಿನ್ನ ಕುರ್ಚಿಗೆ ಗೆದ್ದಲು ಹತ್ತದಿರಲಿ. ನಿನಗೆ ಕಾಯಿಲೆ ಬಂದರೆ, ನಿನ್ನ ಕಾಲೇಜಿನ ಮಕ್ಕಳೇ ನೋಡಿಕೊಳ್ಳಲಿ.

ಇತಿ,
ಸುನಂದ

ತಾ.ಕ.: ಹೋದ ವಾರ ಅಮ್ಮನಿಗೆ ವಾಂತಿ ನಿಲ್ಲದೆ ಶ್ರೀನಿವಾಸಪುರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆ. ಡ್ರಿಪ್ ಹಾಕಲು ಬಂದ ಹುಡುಗಿ ಐದು ಸಲ ಚುಚ್ಚಿದಳು. ಕೈಯೆಲ್ಲಾ ನೀಲಿ. "ಬಾವಿ ತೋಡ್ತಿದ್ದೀಯೇನಮ್ಮಾ?" ಅಂತ ಅಮ್ಮ ತೆಲುಗಿನಲ್ಲಿ ಬೈದಳು. ಕೊನೆಗೆ ನಾನೇ ಹಾಕಿದೆ. ಯಾವ ಕಾಲೇಜು ಅಂತ ರೇಗಿದೆ. ನಿನ್ನ ಹೆಸರು ಹಿಡಿದು ಜಾಡಿಸೋಣ ಅಂತಲೇ ಕೇಳಿದ್ದು.

"ಮೇಡಂ, ನಾನು ಮುನಿಲಕ್ಷ್ಮಿ. ನಿಮ್ ಸ್ಟೂಡೆಂಟೇ" ಅಂದು ಅತ್ತಳು.

ಕೊರೋನಾ ಬ್ಯಾಚು. ಮಕ್ಕಳನ್ನು ವಾರ್ಡಿಗೇ ಬಿಡದ ವರ್ಷ. "ಇದೊಂದೇ ಸಲ ಕಣೇ" ಅಂತ ನೀನು ಕೇಳಿದ್ದೆ, ನಾನು ಸೈನ್ ಹಾಕಿದ್ದೆ. ಅವಳ ಲಾಗ್‌ಬುಕ್ಕಿನಲ್ಲಿರುವುದು ಅನಿಲ್‌ಕುಮಾರರ ಸೈನಲ್ಲ, ನನ್ನದು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಗುರುವಾರ ಅವಳಿಗೆ ರಜೆ, ನಮ್ಮ ಮನೆಗೆ ಕಲಿಯಲು ಬರುತ್ತಾಳೆ. ಬುಧವಾರದೊಳಗೆ ಆ ರಬ್ಬರ್ ಕೈಯನ್ನು ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸು. ಬೆರಳು ಕಾಣದ ಹಾಗೆ ಹಳೇ ಸೀರೆಯಲ್ಲಿ ಸುತ್ತು, ಜನ ಹೆದರಿಯಾರು.