ಅರವತ್ತೊಂದನೇ ಮೆಟ್ಟಿಲು

ಅಕ್ಟೋಬರ್ 9, ಬೆಳಿಗ್ಗೆ 7

ಡ್ರಾಪ್ಸ್ ಹಾಕಿಕೊಂಡದ್ದಾಯ್ತು. ಎರಡು ಹನಿ ಕಣ್ಣಿಗೆ, ಮೂರು ಕೆನ್ನೆಗೆ. ಬಗ್ಗಬಾರದು, ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು — ಒಂದು ತಿಂಗಳು. ಡಾಕ್ಟರ ಚೀಟಿಯನ್ನು ಮಗಳು ಕನ್ನಡಿಗೇ ಅಂಟಿಸಿದ್ದಾಳೆ. ಬಸ್ ಕಂಡಕ್ಟರ್ ನೋಡಿ, ಎಲ್ಲಕ್ಕೂ ನೋಟಿಸ್ ಬೇಕು.

ಸಮುದ್ರ ಬಂದು ಇವತ್ತಿಗೆ ಇಪ್ಪತ್ತಮೂರು ದಿನ. ಆವತ್ತು ನಾನು ಊರಲ್ಲಿರಲಿಲ್ಲ. ದೂರದ ಕಣ್ಣಾಸ್ಪತ್ರೆಯಲ್ಲಿ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಮಂಚ ನನ್ನನ್ನು ಹೊತ್ತುಕೊಂಡು ಕಿಟಕಿ ಕಡೆ ಹೊರಟಿತು. ನರ್ಸ್ ತಳ್ಳುತ್ತಿದ್ದಾಳೆ ಅಂದುಕೊಂಡು "ಎಲ್ಲಿಗಮ್ಮಾ" ಅಂತ ಕೇಳಿದೆ. ಯಾರೂ ಇರಲಿಲ್ಲ, ಭೂಮಿಯೇ ಅಲುಗುತ್ತಿತ್ತು.

ರೈಲಿನ ಹಳಿ ಜಡೆ ಹೆಣೆದ ಹಾಗೆ ತಿರುಚಿಕೊಂಡಿತ್ತಂತೆ. ಅಲ್ಲೇ ಮೂರು ವಾರ ಕೂತೆ. ಮೊನ್ನೆ ಬಂದೆ, ಮಗಳ ಮನೆಗೆ. ಗುಡ್ಡದ ಈಚೆ ಬದಿ, ಸಮುದ್ರ ಕಾಣಿಸಲ್ಲ. ಬಂದರು ಬೀದಿಯ ನನ್ನ ಮನೇದು ನೆಲ ಮಾತ್ರ ಉಳಿದಿದೆಯಂತೆ, ಒರೆಸಿಟ್ಟ ಹಾಗೆ. ನನ್ನ ಹೆಂಡತಿ ಇದ್ದಿದ್ದರೆ ಅಂದಿರೋಳು — ಸದ್ಯ, ನೆಲವಾದರೂ ಚೊಕ್ಕಟವಾಯ್ತಲ್ಲ.

ಅವಳು ಹೋಗಿ ಮೂರು ವರ್ಷ. ಹೋಗಿದ್ದು ಜ್ವರದಲ್ಲಿ, ಮಂಚದ ಮೇಲೆ, ಅಚ್ಚುಕಟ್ಟಾಗಿ.

ಅಕ್ಟೋಬರ್ 11, ಮಧ್ಯಾಹ್ನ

ಸರ್ವೇ ಆಫೀಸಿನ ಹುಡುಗ ಬಂದಿದ್ದ. ಹುಡುಗ ಏನು ಬಂತು, ತಲೆ ನರೆತಿದೆ, ಈಗ ಅವನೇ ಸಾಹೇಬ. ನನ್ನ ಕೈಕೆಳಗೆ ಪಳಗಿದವನು. ಇನ್ನೂ ಸರ್ ಅಂತಾನೆ.

ಹೇಳಿದ: ಕರಾವಳಿ ಪೂರ್ತಿ ಎಂಟು ಅಡಿ ಪೂರ್ವಕ್ಕೆ ಸರಿದಿದೆ. ಎರಡೂವರೆ ಅಡಿ ಕುಸಿದಿದೆ. ಎತ್ತರ ಅಳೆಯೋ ಬೆಂಚ್‌ಮಾರ್ಕ್ ಕಲ್ಲುಗಳೆಲ್ಲ ಈಗ ಸುಳ್ಳು. ಸೇತುವೆ, ಹೊಲದ ಬದು, ಜಿಲ್ಲೆಯ ಗಡಿ — ದೇಶದ ನಕ್ಷೆಯನ್ನೇ ಹೊಸದಾಗಿ ಬರೀಬೇಕು.

ಮೂವತ್ತನಾಲ್ಕು ವರ್ಷ ಅಳೆದೆ ಈ ನೆಲವನ್ನ. ಟೆರ್ರಾ ಫರ್ಮಾ ಅಂತಿದ್ದರು ಕಾಲೇಜಲ್ಲಿ. ಲ್ಯಾಟಿನ್ನೋ ಗ್ರೀಕೋ. ಗಟ್ಟಿ ನೆಲ ಅಂತ ಅರ್ಥ... ಆಕಾಶ ಬಿದ್ದರೂ ಕುರ್ಚಿ ಬಿಟ್ಟು ಏಳಲ್ಲ ಅಂತ ಬೈತಿದ್ದಳು ನನ್ನ. ನೋಡೇ, ಕುರ್ಚಿ ಬಿಡದೆ ಎಂಟು ಅಡಿ ಹೋಗಿದ್ದೀನಿ.

ಹೊರಡುವಾಗ ಇನ್ನೊಂದು ಮಾತು ಹೇಳಿದ. ನೀರು ಗುಡ್ಡದ ಮೆಟ್ಟಿಲಲ್ಲಿ ಅರವತ್ತಾರನೇದರ ತನಕ ಹತ್ತಿದೆ, ಕೆಸರಿನ ಗುರುತಿದೆ.

ಆಮೇಲೆ ಏನು ಮಾತಾಡಿದನೋ ಕಿವಿಗೆ ಬೀಳಲಿಲ್ಲ.

ಅದೇ ದಿನ, ಸಂಜೆ 5

ಬರೆದುಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಆ ಮೆಟ್ಟಿಲಲ್ಲಿ ನೀಲಿ ಗೆರೆ ಹಾಕಿದವನು ನಾನು. "ಇಲ್ಲಿಂದ ಮೇಲೆ ಕ್ಷೇಮ." ಹಳೇ ದಾಖಲೆಗಳಲ್ಲಿ ಅತಿ ದೊಡ್ಡ ಅಲೆ ಬಂದದ್ದು ಐವತ್ತೈದನೇ ಮೆಟ್ಟಿಲಿಗೆ. ಆರು ಸೇರಿಸಿ ಅರವತ್ತೊಂದರಲ್ಲಿ ಎಳೆದೆ. ಇನ್ನೂ ಹನ್ನೆರಡು ಮೇಲೆ ಹಾಕಿ ಅಂದಳು ಅವಳು. "ಹನ್ನೆರಡು ಮೆಟ್ಟಿಲು ಜಾಸ್ತಿ ಹತ್ತಿದ್ರೆ ಯಾರ ಕಾಲು ಸವೆದುಹೋಗುತ್ತೆ?" ಲೆಕ್ಕ ಅಂದರೆ ಲೆಕ್ಕ, ಇದೇನು ಉಪ್ಪಿನಕಾಯಿಗೆ ಉಪ್ಪೇ, ಕೈಯಳತೆಯಲ್ಲಿ ಹಾಕೋಕೆ, ಅಂದೆ. ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ತಾನಾಗಿಯೇ ರಾಜಿಯಾದಳು. ನಿಮ್ಮ ಮೊಣಕಾಲು ಸರಿಯಿಲ್ಲ, ವರ್ಷ ವರ್ಷ ಬಣ್ಣ ಬಳಿಯೋದು ನನಗಿರಲಿ ಅಂದಳು. ಸರಿ ಅಂದೆ. ಆಮೇಲೆ ನಾನು ಆ ಮೆಟ್ಟಿಲು ಹತ್ತಿದ್ದೇ ಇಲ್ಲ. ಬಸ್ಸಿತ್ತಲ್ಲ.

ಮೆಟ್ಟಿಲಿಗೆ ಅರ್ಧ ಅಡಿ. ಐದು ಮೆಟ್ಟಿಲಿಗೆ ಎರಡೂವರೆ. ನೆಲ ಕುಸಿದದ್ದೂ ಅಷ್ಟೇ. ಲೆಕ್ಕ ತಪ್ಪಲಿಲ್ಲ, ನೆಲ ತಪ್ಪಿತು.

ಹಾಗಂತ ಯಾರಿಗೆ ಹೇಳಲಿ? ಗೆರೆ ನೋಡಿ ಓಡಿ ಬಂದವರು ಗೆರೆಯ ಹತ್ತಿರ ನಿಂತಿರುತ್ತಾರೆ. ಸದ್ಯ ಮುಟ್ಟಿದೆವಪ್ಪ ಅಂತ. ಬಂದರು ಬೀದಿಯೊಂದರಲ್ಲೇ ನಲವತ್ತೊಂದು ಜನ ಇಲ್ಲ.

ಅಕ್ಟೋಬರ್ 12

ಕ್ಷೌರಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಈಗ ಗುಡ್ಡದ ಈಚೆಗೆ ಬಂದಿದೆ, ನಮ್ಮ "ರೇಡಿಯೋ" ಅಲ್ಲೇ ಟಾರ್ಪಾಲು ಕಟ್ಟಿದ್ದಾನೆ. ಮೂವತ್ತು ವರ್ಷದಿಂದ ನನ್ನ ಗಡ್ಡ ಅವನದೇ. ಬಾಯಿಗೆ ಆಫ್ ಬಟನ್ನೇ ಇಲ್ಲ, ಅದಕ್ಕೆ ಆ ಹೆಸರು. ಇವತ್ತು ಮಾತು ಕಡಿಮೆ. ನೊರೆ ಹಚ್ಚುತ್ತಾ ಇಷ್ಟೇ ಅಂದ:

"ನಾನೂ ನಿಮ್ಮ ಗೆರೆ ಗೆರೆ ಅಂತಲೇ ಓಡಿದೆ ಸಾಹೇಬ್ರೆ. ಅಣ್ಣ ನನ್ನ ಹಿಂದೇನೇ ಇದ್ದ."

ಮುಂದೇನಾಯ್ತು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕತ್ತಿ ಗಂಟಲ ಮೇಲಿತ್ತು. ಅಲ್ಲೇ ಇರಲಿ ಅನ್ನಿಸಿತು ಒಂದು ಗಳಿಗೆ. ಮೆತ್ತಗೆ ತೆಗೆದ, ಪೌಡರ್ ಹಾಕಿದ, ಕೈ ಹಿಡಿದು ರಸ್ತೆ ದಾಟಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 14, ಬೆಳಿಗ್ಗೆ

ಮಗಳ ಬಸ್ಸಿನಲ್ಲಿ ಕೆಳಗೆ ಹೋಗಿದ್ದೆ. ರಸ್ತೆ ಮುಗಿಯುವ ತನಕ ಅಂತ ಟಿಕೆಟ್. ಈಗ ರಸ್ತೆ ಅಂಗಡಿ ಬೀದಿಯ ಮಧ್ಯೆಯೇ ಮುಗಿಯುತ್ತೆ. ನೆಲ ಕುಸಿದಿದೆಯಲ್ಲ, ದಿನಕ್ಕೆರಡು ಸಲ ಸಮುದ್ರ ಬಂದು ಹೋಗುತ್ತೆ, ಹಾಲು ಹಾಕುವವನ ಹಾಗೆ ಹೊತ್ತಿಗೆ ಸರಿಯಾಗಿ.

ಪಾದ ಮುಳುಗುವಷ್ಟು ನೀರು, ಗಾಜಿನ ಹಾಗೆ. ಅಂಚೆ ಡಬ್ಬಿಯ ಸುತ್ತ ಸಣ್ಣ ಮೀನು ಪ್ರದಕ್ಷಿಣೆ ಹಾಕುತ್ತಿದ್ದವು. ಬ್ಯಾಂಕಿನ ಮಹಡಿ ಮೇಲೆ ಒಂದು ದೋಣಿ, ಆರಾಮಾಗಿ, ಮಧ್ಯಾಹ್ನದ ನಿದ್ದೆಯಲ್ಲಿರೋ ಹಾಗೆ. ಉಪ್ಪು ಕುಡಿದ ಮರಗಳೆಲ್ಲ ಕಂದು. ನೀರೊಂದೇ ನೀಲಿ. ಆಪರೇಷನ್ ಆದ ಕಣ್ಣಿಗೆ ನೀಲಿ ಜಾಸ್ತಿ ಕಾಣುತ್ತೆ ಅಂದಿದ್ದರು ಡಾಕ್ಟರು. ಇಷ್ಟು ವರ್ಷ ಪೊರೆಯ ಹಳದಿಯಲ್ಲಿ ಬದುಕಿದ್ದೆನೇ? ಇಷ್ಟೊಂದು ನೀಲಿ ಇತ್ತೇ ಲೋಕದಲ್ಲಿ?

ಇಂಗ್ಲಿಷ್ ಮೇಷ್ಟ್ರು ಉರು ಹೊಡೆಸುತ್ತಿದ್ದರು — ದಿ ಸೀ ಈಸ್ ಕಾಮ್. ದಿ ಸೀ ವಾಸ್ ಕಾಮ್. ದಿ ಸೀ ವಿಲ್ ಬಿ... ಮೂರನೇದು ಹೇಳೋಕೆ ಬಾಯಿ ಬರಲಿಲ್ಲ.

ಎಡಕ್ಕೆ ಗುಡ್ಡದ ಮೆಟ್ಟಿಲು. ಆ ಕಡೆ ಕತ್ತು ತಿರುಗಿಸಲಿಲ್ಲ.

ಅಕ್ಟೋಬರ್ 19

ಐದು ದಿನ ಬರೆದಿಲ್ಲ. ಪೆನ್ನಿಗೇನೂ ಆಗಿರಲಿಲ್ಲ.

ಸರ್ವೇ ಹುಡುಗ ಮೂರನೇ ಸಲ ಹೇಳಿ ಕಳಿಸಿದ್ದಾನೆ: ಹೊಸ ಗೆರೆ ಎಲ್ಲಿ ಹಾಕೋದು, ಸರ್ ಬಂದು ನೋಡಬೇಕು. ಕಣ್ಣು ಅಂದೆ. ಮಗಳು ಕನ್ನಡಿಯ ಚೀಟಿ ಕಿತ್ತು ನನ್ನ ಮುಂದಿಟ್ಟಳು. ತಿಂಗಳು ಮುಗಿದು ಮೂರು ದಿನ ಆಯ್ತಲ್ಲ, ಇನ್ಯಾವ ನೆಪ ಅಪ್ಪಾ, ಅಂದಳು.

ಹೇಳಿಬಿಟ್ಟೆ. ಅರವತ್ತೊಂದು, ಅರವತ್ತಾರು, ನಲವತ್ತೊಂದು ಜನ, ರೇಡಿಯೋನ ಅಣ್ಣ. ಹೇಳುತ್ತಾ ಅತ್ತೆ. ಡ್ರಾಪ್ಸ್ ಎಲ್ಲ ವೇಸ್ಟು.

ಅವಳು ನನ್ನನ್ನೇ ನೋಡುತ್ತಾ ಕೂತಳು. ಬೆಪ್ಪಾದವಳ ಹಾಗೆ. ಆಮೇಲೆ "ನಾಳೆ ರಜ ಹಾಕ್ತೀನಿ. ಹತ್ತೋಣ" ಅಂದಳು. ಏನೋ ಇದೆ ಅವಳ ಬಾಯಲ್ಲಿ. ಬಿಡಲಿಲ್ಲ.

ಅಕ್ಟೋಬರ್ 20, ಸಂಜೆ 4

ಹತ್ತಿದೆವು. ನಾನು ಮುಂದೆ, ಅವಳು ಹಿಂದೆ. ಉಸಿರು ಕಟ್ಟಿದಾಗ ಹೋಲ್ಡಾನ್, ಸುಧಾರಿಸಿಕೊಂಡಾಗ ರೈಟ್.

ಐವತ್ತೊಂಬತ್ತು. ಅರವತ್ತು. ಅರವತ್ತೊಂದು — ಗೆರೆ ಇಲ್ಲ.

ಅಲೆ ಅಳಿಸಿದೆ ಅಂದುಕೊಂಡೆ. ಮಗಳು ಬೆನ್ನ ಮೇಲೆ ಕೈಯಿಟ್ಟು ತಳ್ಳಿದಳು. ಅರವತ್ತಾರರಲ್ಲಿ ಕೆಸರು ನಿಂತಿತು, ಕತ್ತರಿಸಿದ ಹಾಗೆ. ಇನ್ನೂ ಮೇಲೆ, ಇನ್ನೂ... ಎಪ್ಪತ್ತಮೂರನೇ ಮೆಟ್ಟಿಲಲ್ಲಿ ನೀಲಿ. ಆ ನೀಲಿ! ಕೆಳಗೆ ಅಕ್ಷರ. ನನ್ನದಲ್ಲ. ಕುಳ್ಳಗೆ, ಬಲಕ್ಕೆ ವಾಲಿಕೊಂಡು — ದಿನಸಿ ಚೀಟಿಯಲ್ಲಿ ನಲವತ್ತು ವರ್ಷ ನೋಡಿದ ಅಕ್ಷರ. "ಇಲ್ಲಿಂದ ಮೇಲೆ ಕ್ಷೇಮ."

"ಮೊದಲನೇ ವರ್ಷವೇ ಅಮ್ಮ ಸೀಮೆಎಣ್ಣೆ ಹಾಕಿ ನಿಮ್ಮದನ್ನ ಉಜ್ಜಿಬಿಟ್ಟಳು. ಡಬ್ಬಿ ಹಿಡಿದೋಳು ನಾನೇ. ಅಪ್ಪನಿಗೆ ಹೇಳಿದ್ರೆ ಮತ್ತೆ ಕೆಳಗಿಳಿಸ್ತಾರೆ, ಬಾಯಿ ಬಿಡಬೇಡ ಅಂದಿದ್ದಳು."

ಆವತ್ತು ಈ ಗೆರೆಯ ಹತ್ತಿರ ಮೂವತ್ತೇಳು ಜನ ನಿಂತಿದ್ದರಂತೆ. ಮೂವತ್ತೇಳೂ ಇದ್ದಾರೆ. ರೇಡಿಯೋನ ಅಣ್ಣ ಅಂಗಡಿ ಬೀಗ ಹಾಕಿಲ್ಲ ಅಂತ ಅರ್ಧ ದಾರಿಯಿಂದ ವಾಪಸ್ ಇಳಿದ. ಗೆರೆ ಮುಟ್ಟಲೇ ಇಲ್ಲ.

ಮೊದಲು ಬಂದದ್ದು ಸಿಟ್ಟು. ಸರ್ವೇ ಗುರುತು ಅಳಿಸೋದು ಅಪರಾಧ. ಟ್ಯಾಂಪರಿಂಗ್! ಹೇಳಿಯೂ ಬಿಟ್ಟೆ. ಮಗಳು ನಗೋಕೆ ಶುರು ಮಾಡಿದಳು. ಅಲ್ಲೇ ಗೆರೆಯ ಪಕ್ಕ ಕೂತೆ. ಕೆಳಗೆ ಸಮುದ್ರ ನಮ್ಮ ಮನೆಯ ನೆಲ ಒರೆಸುತ್ತಿತ್ತು, ನಿಧಾನಕ್ಕೆ, ಮೂಲೆ ಮೂಲೆಗೂ.

ಅಕ್ಟೋಬರ್ 24, ಬೆಳಿಗ್ಗೆ 10

ಹೊಸ ಗೆರೆಗೆ ನಾನು ಕಳಿಸಿದ್ದ ಲೆಕ್ಕ ವಾಪಸ್ ಬಂದಿದೆ, ಜೊತೆಗೆ ಆಫೀಸಿನ ಫಾರಂ. ಇಂಗ್ಲಿಷಲ್ಲೇ ತುಂಬಬೇಕಂತೆ. ನೀರು ಅರವತ್ತಾರು. ಮಾಮೂಲಿ ಆರು ಸೇರಿಸಿದರೆ ಎಪ್ಪತ್ತೆರಡು. ನೆಲ ಮತ್ತೆ ಕುಸಿದರೆ ಅಂತ ಐದು — ಎಪ್ಪತ್ತೇಳು. ಅದರ ಮೇಲೆ ಹನ್ನೆರಡು. ಎಂಬತ್ತೊಂಬತ್ತನೇ ಮೆಟ್ಟಿಲು.

ಸರ್ವೇ ಹುಡುಗ ಪೆನ್ಸಿಲಲ್ಲಿ ಸುತ್ತು ಹಾಕಿದ್ದಾನೆ: ಈ ಹನ್ನೆರಡಕ್ಕೆ ಕಾರಣ ಕೊಡಿ ಸರ್, ಮೇಲಿನವರು ಕೇಳ್ತಾರೆ. ನಾನು ಕಲಿಸಿದ ಬುದ್ಧಿಯೇ.

ಕಾರಣ ಕೊಡಬೇಕಾದ್ದೇ. ರಫ್ ಆಗಿ ಇಲ್ಲೇ ಬರೆದು ನೋಡುತ್ತೇನೆ. ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಮೈ ವೈಫ್