ಒಂಬತ್ತನೆಯ ಮೆಷಿನ್ನು

ಏಳನೆಯ ಮಂಜುಬಲೆ ಕೇಂದ್ರ, ಚನ್ನಗಿರಿ ಬೆಟ್ಟ
೨೧೬೩ನೆಯ ಇಸವಿ, ಫೆಬ್ರವರಿ ೩೦

ಪೂಜ್ಯ ತಿರುಮಳಮ್ಮಜ್ಜಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ನಲವತ್ತು ವರ್ಷವಾಯಿತು. ಆ ಬಡಪಾಯಿ ತಿಂಗಳಿಗೂ ನ್ಯಾಯ ಸಿಗಲಿ ಎಂದು ಯಾರೋ ತಮಾಷೆಗೆ ಎತ್ತಿದ ಮಾತು ಕಾನೂನಾಗಿಬಿಟ್ಟಿತು. ನನ್ನ ಭಾಷೆಯೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಮನ್ನಿಸಬೇಕು. ನಾನು ನಿಮ್ಮ ಮಗಳು ಚೈತ್ರಾಳ ಮರಿಮೊಮ್ಮಗಳ ಮಗಳು. ಈ ಕಾಗದ ತಲುಪುವಾಗ ಚೈತ್ರಾ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುತ್ತಾಳೆ, ನಿಮಗೆ ಮೂವತ್ತೆಂಟು ವರ್ಷ. ನನಗೆ ನಲವತ್ತಮೂರು. ನಿಮಗಿಂತ ದೊಡ್ಡವಳೊಬ್ಬಳು ನಿಮ್ಮನ್ನು ಅಜ್ಜಿ ಎನ್ನುತ್ತಿದ್ದಾಳೆಂದು ಸಿಟ್ಟಾಗಬೇಡಿ, ಬೇರೆ ಏನೆಂದು ಕರೆಯಲಿ ಎಂದು ನನಗೂ ತೋಚಲಿಲ್ಲ.

ನಮ್ಮ ಊರಿನ ಕಟ್ಟೆಯ ಬಳಿ ಒಂದು ಪೆಟ್ಟಿಗೆಯಿದೆ. ಅದನ್ನು ಹಿನ್ನಂಚೆ ಎನ್ನುತ್ತೇವೆ. ಹಿಂದಿನವರಿಗೆ ಬರೆದ ಕಾಗದವನ್ನು, ಯಾವ ದಿನ ತಲುಪಬೇಕೆಂದು ನಮೂದಿಸಿ, ಅದರೊಳಗೆ ಹಾಕಬೇಕು. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಇಲ್ಲಿಯವರೆಗೆ ಒಬ್ಬರಿಗೂ ಉತ್ತರ ಬಂದಿಲ್ಲ. ಆದರೂ ಪೆಟ್ಟಿಗೆ ತುಂಬುತ್ತಲೇ ಇರುತ್ತದೆ. ನನ್ನ ಕಾಗದದ ಮೇಲೆ ೨೦೨೬ರ ಮಾರ್ಚ್ ಹನ್ನೊಂದು, ಬುಧವಾರ ಎಂದು ಬರೆದಿದ್ದೇನೆ. ಶುಕ್ರವಾರ ಮೂರು ಗಂಟೆಗೆ ನಿಮ್ಮ ಗಾರ್ಮೆಂಟ್ಸಿನಲ್ಲಿ ದೂರು ಸಮಿತಿ ಕೂರುತ್ತದೆ. ಕೋಮಲಾ ಕೊಟ್ಟ ದೂರಿಗೆ ಸಾಕ್ಷಿಯಾಗಿ ನಿಮ್ಮನ್ನು ಕರೆಯುತ್ತಾರೆ. ಅದಕ್ಕೆ ಎರಡು ದಿನ ಮೊದಲು ಇದು ನಿಮ್ಮ ಕೈಗೆ ಸಿಗಬೇಕು.

ಮೊದಲು ನಮ್ಮ ಕೆಲಸದ ಬಗ್ಗೆ ಹೇಳುತ್ತೇನೆ. ಬೆಟ್ಟಕ್ಕೆ ಇಳಿಯುವ ಮಂಜನ್ನು ಹಿಡಿದು ನೀರು ಮಾಡುವ ದೊಡ್ಡ ಬಲೆಗಳಿಗೆ ಮಂಜುಬಲೆ ಎನ್ನುತ್ತೇವೆ. ದೊಡ್ಡಬಳ್ಳಾಪುರ ಈಗ ಕುಡಿಯುವುದು ಈ ನೀರನ್ನೇ. ಬೆಳಕು ಹರಿಯುವ ಹೊತ್ತಿಗೆ ಬಲೆ ಎತ್ತುತ್ತೇವೆ, ಬಿಸಿಲೇರಿದ ಮೇಲೆ ಇಳಿಸಿ ಹರಿದಲ್ಲಿ ಹೊಲಿಯುತ್ತೇವೆ. ನಾನು ಹೊಲಿಗೆಯವಳು. ಸೂಜಿ ಹಿಡಿಯುವ ಕೈ ನಿಮ್ಮಿಂದಲೇ ಬಂದದ್ದು ಎಂದು ಅಮ್ಮ ಹೇಳುತ್ತಿದ್ದಳು. ಬುತ್ತಿಯಲ್ಲಿ ಈಗಲೂ ಮುದ್ದೆ, ಸೊಪ್ಪಿನ ಸಾರು. ರಾಗಿಯನ್ನು ಮಾತ್ರ ಮನೆಯ ತಾರಸಿಯ ಮೇಲೇ ಬೆಳೆಯುತ್ತೇವೆ. ಹಾಗೆಂದು ನಮ್ಮಲ್ಲಿ ಎಲ್ಲ ಸರಿಹೋಗಿದೆ ಎಂದುಕೊಳ್ಳಬೇಡಿ. ಬೆಟ್ಟದ ನೆತ್ತಿಯ ಬಲೆಗಳಿಗೆ ಬಹಳ ಕಾಲ ಗಂಡಸರೇ ಮುಖ್ಯಸ್ಥರಾಗಿದ್ದರು. ಅಷ್ಟೆತ್ತರದ ಗಾಳಿ ಹೆಂಗಸರ ಮೈಗೆ ಆಗದು ಎನ್ನುತ್ತಿದ್ದರಂತೆ. ಅದೇ ಗಾಳಿಯಲ್ಲಿ ಕೂತು ಬಲೆ ಹೊಲಿಯಲು ಹೆಂಗಸರೇ ಬೇಕಿತ್ತು! ಅಮ್ಮ ಮತ್ತು ಅವಳ ಜೊತೆಯವರು ಹನ್ನೊಂದು ವರ್ಷ ಹಟ ಹಿಡಿದ ಮೇಲೆ ಈಗ ಸರದಿಯ ಪ್ರಕಾರ ನಡೆಯುತ್ತಿದೆ.

ಅವರ ಕಾಲದಲ್ಲೇ ಶುರುವಾದದ್ದು ನಿಂತೋದು. ಎಂದರೆ, ನಿಂತುಕೊಂಡು ಓದುವುದು. ನಿಮ್ಮ ಕಾಲದ ಕಚೇರಿ, ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಕೊಟ್ಟು, ಸುಳ್ಳು ಎಂದು ಮುಚ್ಚಿಹೋದ ದೂರುಗಳ ಕಾಗದಗಳು ರಾಶಿ ರಾಶಿ ಸಿಕ್ಕವು, ಅವನ್ನು ಪೆಟಾರಿಗಳಲ್ಲಿ ತುಂಬಿಟ್ಟಿದ್ದಾರೆ. ಪ್ರತಿ ವರ್ಷ ಫೆಬ್ರವರಿಯ ಕೊನೆಯ ದಿನ ಎಲ್ಲ ಕೆಲಸದ ಜಾಗಗಳಲ್ಲೂ ಕೈ ಕೆಲಸ ನಿಲ್ಲಿಸಿ, ಚೀಟಿ ಎತ್ತಿ ಬಂದ ಒಂದು ಕಾಗದವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು. ಪಕ್ಕದಲ್ಲಿ ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿರುತ್ತಾರೆ. ಅವರಿಗೆ ಜೊತೆಗಣ್ಣು ಎಂದು ಹೆಸರು. ಓದಿದ ಮೇಲೆ ಚರ್ಚೆ. ಕೊನೆಗೆ ಎಲ್ಲರೂ ಎದ್ದು ದೂರು ಕೊಟ್ಟವಳ ಹೆಸರು ಹೇಳಿ, ನಂಬಿದೆವು ಎಂದರೆ ಆ ಹೆಸರನ್ನು ಬೆಟ್ಟದ ಬುಡದ ಬಂಡೆಯಲ್ಲಿ ಕೆತ್ತುತ್ತಾರೆ. ಒಬ್ಬರು ಕೂತೇ ಇದ್ದರೂ ಕಾಗದ ಪೆಟಾರಿಗೆ ವಾಪಸು, ಮತ್ತೆಂದೂ ಹೊರಗೆ ಬರುವುದಿಲ್ಲ. ಕಾಗದಗಳು ಅಷ್ಟಿವೆ, ಒಂದಕ್ಕೆ ಒಂದೇ ಸಲ ಅವಕಾಶ. ಈ ಹಳೆಯ ಗೋಳೆಲ್ಲ ಇನ್ನೂ ಎಷ್ಟು ವರ್ಷ ಎಂದು ಗೊಣಗುವವರೂ ಇದ್ದಾರೆ. ನಿಜ ಹೇಳಬೇಕೆಂದರೆ ಇವತ್ತು ಬೆಳಿಗ್ಗೆಯವರೆಗೆ ನಾನೂ ಗೊಣಗುವವರ ಪೈಕಿಯೇ.

ಈ ಸಲದ ಚೀಟಿ ನನಗೆ ಬಂತು. ಕಾಗದ ಬಿಚ್ಚಿ ಓದತೊಡಗಿದೆ. ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸು. ದೂರು ಕೊಟ್ಟವಳು ಕೋಮಲಾ, ಇಪ್ಪತ್ತೆರಡು ವರ್ಷ, ತೋಳು ಹೊಲಿಯುವ ಟೈಲರ್. ಫ್ಲೋರ್ ಇನ್‌ಚಾರ್ಜ್ ಲೋಹಿತ್ ಎಂಬಾತ ಸೂಜಿ ನೋಡುವ ನೆಪದಲ್ಲಿ ಬಂದು, ಬಂಡಲುಗಳ ಮರೆಯಲ್ಲಿ ಅವಳ ಮೈಮೇಲೆ ಕೈ ಹಾಕಿದ. ಗೋಡೆ ಪಕ್ಕದ ಒಂಬತ್ತನೆಯ ಮೆಷಿನ್ನಿನಲ್ಲಿ ತಾನು ಕೂತಿದ್ದಾಗ ಇದು ನಡೆಯಿತು ಎಂದು ಅವಳ ಹೇಳಿಕೆ. ಆದರೆ ಲೈನಿನ ತಲೆಯಲ್ಲಿ ತೂಗುಹಾಕಿದ ಚಾರ್ಟಿನಲ್ಲಿ ಅವಳ ಹೆಸರು ಓಡಾಡುವ ದಾರಿಯ ಪಕ್ಕದ ಹದಿನೆಂಟನೆಯ ಮೆಷಿನ್ನಿಗಿತ್ತು. ನಲವತ್ತು ಜನರ ಕಣ್ಣೆದುರು ಇರುವ ಜಾಗ. ಅಲ್ಲಿ ಯಾರು ತಾನೇ ಕೈ ಹಾಕಿಯಾರು ಎಂದು ಲೋಹಿತ್ ಕೇಳಿದ. ಸಮಿತಿಯವರೂ ಅದನ್ನೇ ಕೇಳಿದರು.

ಒಂಬತ್ತು ಎಂಬ ಸಂಖ್ಯೆ ಬಾಯಿಂದ ಬಂದಾಗಲೇ ಓದುವುದನ್ನು ಅರೆಕ್ಷಣ ನಿಲ್ಲಿಸಿದೆ. ಏಕೆಂದು ನಿಮಗೆ ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಮಾತಿದೆ. ಯಾರಾದರೂ ಪಾತ್ರೆ ಒಡೆದರೆ, ಸಾರಿಗೆ ಉಪ್ಪು ಜಾಸ್ತಿಯಾದರೆ, ಇದು ಯಾರ ಕೆಲಸ ಎಂದು ಕೇಳಿದಾಗ ತಪ್ಪು ಮಾಡಿದವರು "ಒಂಬತ್ತಕ್ಕೆ ಕೂರ್ಸಿದ್ದು ನಾನೇ" ಎನ್ನಬೇಕು. ಎಲ್ಲರೂ ನಗುತ್ತೇವೆ. ನಿಮಗೆ ವಯಸ್ಸಾದ ಮೇಲೆ ನೀವು ಗೋಡೆಯ ಕಡೆ ತಿರುಗಿ ಕೂತು ಇದನ್ನೇ ಹೇಳುತ್ತಿದ್ದಿರಂತೆ. ಅಜ್ಜಿಗೆ ಅರಳುಮರಳು ಎಂದುಕೊಂಡು ಮಕ್ಕಳು ಆಡಿಕೊಂಡರು, ಆಡಿಕೊಂಡದ್ದು ಆರು ತಲೆಮಾರು ನಡೆದುಬಂತು. ನಾನೂ ನನ್ನ ಮಗಳಿಗೆ ಕಲಿಸಿದ್ದೇನೆ. ಅದರ ಅರ್ಥ ಇವತ್ತು, ಅರವತ್ತು ಜನರ ಮುಂದೆ ನಿಂತಿದ್ದಾಗ, ನನಗೆ ಗೊತ್ತಾಯಿತು.

ನಿಮ್ಮ ಲೈನಿನ ಹೆಂಗಸರಿಗೆ ಒಂದು ರೂಢಿಯಿತ್ತೆಂದು ಅಮ್ಮ ಹೇಳಿದ್ದು ನೆನಪಾಯಿತು. ಹೊಸ ಹುಡುಗಿಯ ಮೇಲೆ ಇನ್‌ಚಾರ್ಜನ ಕಣ್ಣು ಬಿದ್ದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡವರೊಬ್ಬರು ಎದ್ದು ದಾರಿ ಪಕ್ಕದ ಮೆಷಿನ್ನಿಗೆ ಬಂದು ಅವಳನ್ನು ಗೋಡೆ ಬದಿಗೆ ಕೂರಿಸುತ್ತಿದ್ದರು. ಚಾರ್ಟು ಹಾಗೇ ಇರುತ್ತಿತ್ತು, ಸೀಟು ಮಾತ್ರ ಬದಲು. ಕೋಮಲಾಳನ್ನು ಕಾಪಾಡಲು ನೀವು ಅದನ್ನೇ ಮಾಡಿದಿರಿ. ನಿಮ್ಮ ಒಂಬತ್ತನ್ನು ಅವಳಿಗೆ ಬಿಟ್ಟು ಅವಳ ಹದಿನೆಂಟಕ್ಕೆ ಹೋದಿರಿ. ಲೋಹಿತ್ ಆ ಒಂಬತ್ತಕ್ಕೇ ಹೋದ. ಯಾರಿಗೂ ಕಾಣದ ಮೂಲೆಯನ್ನು ನೀವೇ ಅವನಿಗೆ ಹುಡುಕಿಕೊಟ್ಟಂತಾಯಿತು. ಅಜ್ಜೀ, ನೀವು ಕೆಟ್ಟದ್ದು ಮಾಡಲು ಹೋಗಿರಲಿಲ್ಲ, ಅದು ನನಗೆ ಗೊತ್ತು.

ಕಾಗದದ ಮೂರನೆಯ ಪುಟದಲ್ಲಿ ನಿಮ್ಮ ಹೇಳಿಕೆಯಿದೆ. ಗುಮಾಸ್ತರು ಆಡಿದ್ದನ್ನು ಆಡಿದ ಹಾಗೇ ಬರೆದುಕೊಂಡಿದ್ದಾರೆ. ಸಾಕ್ಷಿ ತಿರುಮಳಮ್ಮ: "ನಾನು ಒಂಬತ್ತರಲ್ಲೇ ಕೂತಿದ್ದೆ ಮೇಡಂ. ಅವ್ಳು ಹದಿನೆಂಟರಲ್ಲೇ ಇದ್ಲು. ನಾನೇನೂ ನೋಡ್ಲಿಲ್ಲ." ಅದರ ಕೆಳಗೆ, ದೂರು ಕೊಟ್ಟವಳು: "ಅಕ್ಕಾ, ನೀನಾದ್ರೂ ಹೇಳಕ್ಕಾ." ಸಾಕ್ಷಿ ಸುಮ್ಮನಿದ್ದಳು ಎಂದು ಕಂಸದಲ್ಲಿ ಬರೆದಿದೆ.

ನಿಮ್ಮ ಮೇಲೆ ಆಗಲೇ ಎರಡು ಮೆಮೊ ಇದ್ದವು. ಹೇಳದೆ ಸೀಟು ಬದಲಿಸಿದ್ದಕ್ಕೆ ಮೂರನೆಯದು ಬಂದರೆ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವರು ನೀವೊಬ್ಬರೇ. ಇದೆಲ್ಲ ಗೊತ್ತಿರುವುದರಿಂದ ನಿಮ್ಮನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ. ಸುಳ್ಳು ದೂರು ಕೊಟ್ಟಳೆಂದು ಕೋಮಲಾಳನ್ನು ಕೆಲಸದಿಂದ ತೆಗೆದರು, ಆಮೇಲೆ ಅವಳು ಏನಾದಳೆಂದು ಯಾವ ಕಾಗದದಲ್ಲೂ ಇಲ್ಲ. ಆರು ತಿಂಗಳಿಗೆ ನೀವು ಸೂಪರ್‌ವೈಸರ್ ಆದಿರಿ. ಹೊಲಿಯುವವರೆಲ್ಲ ಹೆಂಗಸರು, ಕೂಗಾಡುವವರೆಲ್ಲ ಗಂಡಸರು ಎನ್ನುವಂತಿದ್ದ ಆ ಫ್ಲೋರಿನಲ್ಲಿ ನೀವೇ ಮೊದಲ ಹೆಣ್ಣು ಸೂಪರ್‌ವೈಸರ್. ನಮ್ಮ ಮನೆತನದ ದೊಡ್ಡ ಹೆಮ್ಮೆ ಅದು. ಅದಕ್ಕೇ ನಿಮ್ಮ ಹೆಸರನ್ನು ನನಗಿಟ್ಟರು. ನಾನೂ ತಿರುಮಳಮ್ಮ.

ಈಗ ನನ್ನ ಮಾತು ಹೇಳುತ್ತೇನೆ. ಆ ಸಾಲಿಗೆ ಬಂದಾಗ ನನ್ನದೇ ಹೆಸರು ಕಣ್ಣಿಗೆ ಕಂಡಿತು. ಅದನ್ನು ಓದಿದರೆ ನಂಟು ಏನೆಂದು ಕೇಳುತ್ತಾರೆ. ಕೇಳಿದರೆ ಒಂಬತ್ತರ ಮಾತನ್ನೂ ಹೇಳಬೇಕಾಗುತ್ತದೆ. ಕೋಮಲಾ ನಿಜ ಹೇಳಿದ್ದಳು ಎಂಬುದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ಸಾಕ್ಷಿ ಅದೊಂದೇ, ಅದಿರುವುದು ನಮ್ಮ ಮನೆಯ ತಮಾಷೆಯಲ್ಲಿ. ಎದುರಿಗೆ ನನ್ನ ಮಗಳು ಕೂತಿದ್ದಳು. ನಾನು ನಿಮ್ಮ ಸಾಲನ್ನು ಬಿಟ್ಟು ಮುಂದಕ್ಕೆ ಹೋದೆ. ನಿಮ್ಮದನ್ನು ಬಿಟ್ಟ ಮೇಲೆ ಅವಳದನ್ನೂ ಬಿಡಲೇಬೇಕಾಯಿತು. ಆ ಇಡೀ ಕಾಗದದಲ್ಲಿ ಕೋಮಲಾ ತನ್ನ ಬಾಯಾರೆ ಆಡಿದ್ದು ಆ ಮೂರು ಮಾತು ಮಾತ್ರ. ಉಳಿದದ್ದೆಲ್ಲ ಕಚೇರಿಯ ಭಾಷೆ. ಜೊತೆಗಣ್ಣಾಗಿದ್ದವಳು ನನ್ನ ಗೆಳತಿ ಸುಗುಣಿ. ಅವಳ ಬೆರಳು ಆ ಸಾಲಿನ ಮೇಲೆ ನಿಂತದ್ದನ್ನು ನೋಡಿದೆ. ಒಮ್ಮೆ ನನ್ನ ಮುಖ ನೋಡಿದಳು, ಬೆರಳನ್ನು ಮೆಲ್ಲಗೆ ಕೆಳಗೆ ಸರಿಸಿದಳು. ಪೂರ್ತಿ ಓದಲಾಗಿದೆ ಎಂದು ಸಹಿಯನ್ನೂ ಹಾಕಿದಳು. ನನ್ನನ್ನು ಕಾಪಾಡಲೆಂದೇ ಹಾಗೆ ಮಾಡಿದಳು, ಪಾಪ.

ಚರ್ಚೆಯ ಹೊತ್ತಿನಲ್ಲಿ, ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಎದ್ದಳು. ಕೆಟ್ಟವಳಲ್ಲ, ನೇರ ಮಾತಿನವಳು. ಚಾರ್ಟಿನಲ್ಲಿ ಹದಿನೆಂಟು ಎಂದಿದೆ, ಅವಳು ಒಂಬತ್ತು ಎನ್ನುತ್ತಾಳೆ, ಪಕ್ಕದಲ್ಲಿದ್ದವರು ಯಾರಾದರೂ ಒಂದು ಮಾತು ಹೇಳಿದ್ದರೆ ಸರಿ, ಯಾರೂ ಇಲ್ಲದಿರುವಾಗ ಹೇಗೆ ನಂಬುವುದು ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು, ಓದಿದವಳಿಗೆ ಉತ್ತರಿಸುವ ಹಕ್ಕಿದೆ. ನಾನು ಕಾಗದ ಮಡಿಸುತ್ತಾ ನಿಂತಿದ್ದೆ. ನಂಬಿದೆವು ಎನ್ನಲು ಎದ್ದವರು ನಲವತ್ತೊಂದು ಜನ. ಉಳಿದವರು ಏಳಲಿಲ್ಲ. ಕೋಮಲಾಳ ಕಾಗದ ಪೆಟಾರಿಗೆ ಹೋಯಿತು. ನೂರಮೂವತ್ತೇಳು ವರ್ಷ ಕಾದು ಬಂದವಳನ್ನು ನಾನು ಎರಡನೆಯ ಸಲ ಸುಳ್ಳಿ ಮಾಡಿ ಕಳಿಸಿದೆ. ನನಗೆ ಕೆಲಸ ಹೋಗುವ ಭಯವಿರಲಿಲ್ಲ, ಮೆಮೊ ಇರಲಿಲ್ಲ, ಹಸಿದ ಮಗುವಿರಲಿಲ್ಲ. ಬರೀ ಮುಜುಗರಕ್ಕೆ ಹೀಗೆ ಮಾಡಿದೆ. ಆದ್ದರಿಂದ ನಮ್ಮಿಬ್ಬರಲ್ಲಿ ಯಾರ ತಪ್ಪು ದೊಡ್ಡದೆಂದು ನೀವು ಕೇಳುವುದೇ ಬೇಡ.

ಮಧ್ಯಾಹ್ನ ಕೇಂದ್ರದ ಮುಖ್ಯಸ್ಥರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಒಂಬತ್ತರ ಮಾತನ್ನೂ ಹೇಳಿದೆ. ಅವರು ನಿಯಮ ತೋರಿಸಿದರು. ಪೆಟಾರಿಗೆ ಹೋದ ಕಾಗದ ಹೊರಗೆ ಬರುವುದಿಲ್ಲ. ಬಂಡೆಯ ಮೇಲೆ ಕೋಮಲಾಳ ಹೆಸರಿಗೆ ಜಾಗವಿಲ್ಲ. ಅತ್ತು ಕರೆದರೂ ಇಲ್ಲ. ಮನೆಗೆ ಬಂದೆ. ಮಗಳು ಲೋಟ ಕೆಡವಿ, ನಗುತ್ತಾ, ಒಂಬತ್ತಕ್ಕೆ ಕೂರ್ಸಿದ್ದು ನಾನೇ ಎಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಹಾಗಾಗಿ ನನಗೆ ಉಳಿದಿರುವುದು ನೀವೊಬ್ಬರೇ. ಶುಕ್ರವಾರ ಸಮಿತಿಯವರು ನಿಮ್ಮನ್ನು ಕರೆದಾಗ ಲೋಹಿತ್ ಎದುರಿಗೇ ಕೂತಿರುತ್ತಾನೆ. ಕೋಮಲಾ ಅಕ್ಕಾ ಎಂದು ಕರೆಯುತ್ತಾಳೆ. ಆಗ ಎದ್ದು ನಿಂತು ಒಂದು ಮಾತು ಹೇಳಿ. ನನಗೆ ಗೊತ್ತು, ಇದು ಸಣ್ಣ ಕೇಳಿಕೆಯಲ್ಲ. ನಿಮ್ಮ ಕೆಲಸ ಹೋಗಬಹುದು. ನೀವು ಸೂಪರ್‌ವೈಸರ್ ಆಗದೇ ಹೋಗಬಹುದು, ಚೈತ್ರಾ ಓದದೇ ಹೋಗಬಹುದು, ಬೇರೆ ಊರಿಗೆ ಮದುವೆಯಾಗಿ ಹೋಗಬಹುದು, ಅಮ್ಮನೂ ನಾನೂ ನನ್ನ ಮಗಳೂ ಹುಟ್ಟದೇ ಹೋಗಬಹುದು. ಮಗಳ ಮುಖ ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎರಡು ಸಲ ಹರಿದುಹಾಕಿ ಮೂರನೆಯ ಸಲ ಬರೆದೆ. ಆದರೂ ಕೇಳುತ್ತಿದ್ದೇನೆ.

ಹೊಸ ಮಾತೇನೂ ಹುಡುಕಬೇಕಿಲ್ಲ ಅಜ್ಜಿ. ಅಂದು ಸುಮ್ಮನಿದ್ದರೂ ಮುಂದೆ ಮುಪ್ಪಿನಲ್ಲಿ, ಯಾರೂ ಕೇಳದ ಗೋಡೆಗೆ, ದಿನಾ ಹೇಳುವ ಮಾತೇ ಅದು. ಆ ಮಾತನ್ನೇ ಶುಕ್ರವಾರ, ಅವಳು ಕೇಳುವ ಹಾಗೆ, ಒಂದೇ ಒಂದು ಸಲ ಹೇಳಿಬಿಡಿ. ಒಂಬತ್ತಕ್ಕೆ ಕೂರ್ಸಿದ್ದು ನಾನೇ.

ಇಂತಿ,
ನಿಮ್ಮ ಹೆಸರಿನವಳು