ಎಡಗಡೆಯ ಸ್ಪೀಕರ್

ಅಪ್ಪಾ,

ನೀವು ಹೋದ ಮೇಲೆ ನಿಮ್ಮ ಹಳೇ ಆಂಪ್ಲಿಫೈಯರ್ ಕೂಡ ಬಾಯಿ ಮುಚ್ಚಿಕೊಂಡಿತ್ತು. ಸರಿ ಮಾಡಿಸಿ ಮಾರಿಬಿಡೋಣವೆಂದು ಇವತ್ತು ಅದನ್ನು ದುಪ್ಪಟಿಯಲ್ಲಿ ಸುತ್ತಿ ರಿಪೇರಿ ಅಂಗಡಿಗೆ ಒಯ್ದೆ.

ತೀರಿಕೊಂಡ ಅಪ್ಪನದು ಎಂದೆ. ರಿಪೇರಿಯವರು ಮುಚ್ಚಳ ಬಿಚ್ಚಿ, ಧೂಳು ಊದಿ, ಬಗ್ಗಿ ನೋಡಿದರು.

"ದೊಡ್ಡದೇನೂ ಕೆಟ್ಟಿಲ್ಲ ಕಣಮ್ಮ. ಆದ್ರೆ ಯಾರೋ ಎಡಗಡೆ ಸದ್ದನ್ನೂ ತಂದು ಬಲಗಡೆ ಸ್ಪೀಕರಿಗೇ ಸೇರಿಸಿ ಬೆಸೆದಿದ್ದಾರೆ. ನಿಮ್ಮಪ್ಪಂಗೆ ಎಡಗಿವಿ ಕೇಳ್ತಿರಲಿಲ್ವಾ?"

"ಗೊತ್ತಿಲ್ಲ," ಎಂದೆ.

"ಒಂದೇ ಮನೇಲಿದ್ದು ಗೊತ್ತಿಲ್ವಾ? ಚೆನ್ನಾಗಿದೆ," ಎಂದು ನಕ್ಕರು. ನಾನೂ ನಕ್ಕೆ.

ಊಟವಾದ ಮೇಲೆ ನೀವು ಕುರ್ಚಿಯಲ್ಲಿ ಹಾಡು ಕೇಳುತ್ತಾ ಕೂರುತ್ತಿದ್ದಿರಿ. ನಾನು ನಿಮ್ಮ ಎಡಕ್ಕೆ, ಬಾಗಿಲ ಬಳಿಯ ಸ್ಟೂಲಿನ ಮೇಲೆ. ನನ್ನ ದನಿ ಮೊದಲೇ ಸಣ್ಣದು. ಐದನೇ ಕ್ಲಾಸು ಮುಗಿದಾಗ, ಮುಂದಕ್ಕೂ ಶಾಲೆಗೆ ಕಳಿಸಿ ಎಂದು ಕೇಳಿದ್ದು ಆ ಸ್ಟೂಲಿನಿಂದಲೇ. ನೀವು ತಿರುಗಿಯೂ ನೋಡಲಿಲ್ಲ. ಬೇಡವೆಂದೇ ತಿಳಿದು, ಮತ್ತೆ ಕೇಳಲಿಲ್ಲ.

"ಮಾರೋದಾದ್ರೆ ಆ ಬೆಸುಗೆ ಬಿಡಿಸಬೇಕು. ಹಿಂಗೇ ಕೊಟ್ರೆ ಯಾರೂ ಕೊಳ್ಳಲ್ಲ," ಎಂದರು ರಿಪೇರಿಯವರು.

"ಮಾರಲ್ಲ. ಕೆಟ್ಟಿದ್ದಷ್ಟೇ ಸರಿ ಮಾಡಿ. ಅಪ್ಪ ಬೆಸೆದಿದ್ದು ಹಾಗೇ ಇರಲಿ," ಎಂದೆ.

ಅವರಿಗೆ ಕೇಳಿಸಲಿಲ್ಲ. "ಏನಂದ್ಯಮ್ಮಾ?" ಎಂದರು.

ಇನ್ನೊಂದು ಸಲ, ಜೋರಾಗಿ ಹೇಳಿದೆ.

ಈಗ ಬಲಗಡೆ ಸ್ಪೀಕರಿನಲ್ಲಿ ನಿಮ್ಮ ಹಾಡು ಬರುತ್ತಿದೆ. ಸ್ಟೂಲನ್ನು ನಿಮ್ಮ ಕುರ್ಚಿಯ ಬಲಕ್ಕೆ ಎಳೆದುಕೊಂಡು ಕೂತಿದ್ದೇನೆ.